ಚೊಕ್ಕಟಕ್ಕ ಆರಿಸಿದ ಕಳೆಗುದ್ದಲಿ

ಅಂಗಡಿಯ ಗೋಡೆಗೆ ಇಪ್ಪತ್ತಮೂರು ಗುದ್ದಲಿಗಳು ಒರಗಿದ್ದವು. ಚೊಕ್ಕಟಕ್ಕ ಅವುಗಳಲ್ಲಿ ಒಂದನ್ನೂ ಬಿಡದೆ ಎತ್ತಿ ನೋಡಿದಳು. ಅಂಗಡಿಯವನು ಮೊದಲ ನಾಲ್ಕೈದರ ತನಕ ಪಕ್ಕದಲ್ಲೇ ನಿಂತು ಗುಣಗಾನ ಮಾಡಿದ, ಹತ್ತರ ಹೊತ್ತಿಗೆ ಸುಮ್ಮನಾದ, ಹದಿನೈದರ ಹೊತ್ತಿಗೆ ಅತ್ತ ಹೋಗಿ ಬೇರೆ ಗಿರಾಕಿಗೆ ಮೊಳೆ ತೂಗಿಕೊಡತೊಡಗಿದ. ಜೊತೆಗೆ ಬಂದಿದ್ದ ನಾದಿನಿ ಸಿಮೆಂಟು ಚೀಲದ ಮೇಲೆ ಕಾಲು ಚಾಚಿ ಕುಳಿತು, "ಅತ್ತಿಗೆ, ನಮ್ಮಣ್ಣನ್ನ ಒಪ್ಪಿಕೊಳ್ಳೋಕೂ ನೀನು ಇಷ್ಟು ಹೊತ್ತು ತಗೊಂಡಿರಲಿಲ್ಲ" ಎಂದಳು.

"ಅವತ್ತು ತೋರಿಸಿದ್ದೇ ಒಬ್ಬರನ್ನ," ಎಂದಳು ಚೊಕ್ಕಟಕ್ಕ, ಹದಿನಾರನೆಯದನ್ನು ಕೈಗೆತ್ತಿಕೊಳ್ಳುತ್ತ. "ಗೋಡೆಗೆ ಇಪ್ಪತ್ತು ಜನರನ್ನ ಒರಗಿಸಿ ಇಟ್ಟಿದ್ರೆ ಆಗ ನೋಡಬೇಕಿತ್ತು."

ನಾನು ಅವರಿಬ್ಬರೂ ದುಡಿಯುತ್ತಿದ್ದ ತೋಟದ ಪಂಪಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ಅಕ್ಷರವನ್ನು ಮೋಟಾರಿನ ಮೇಲಿನ ತಗಡು ನೋಡಿ ಕಲಿತೆ, ಉಳಿದದ್ದನ್ನು ಕಿಟಕಿಯಿಂದ ನೋಡಿ ಕಲಿತೆ. ನನ್ನ ಕಿಟಕಿಗೆ ನೇರವಾಗಿ ಕಾಣುತ್ತಿದ್ದುದು ಚೊಕ್ಕಟಕ್ಕನ ಹನ್ನೆರಡು ತರಕಾರಿ ಮಡಿಗಳು. ಹಾಗಾಗಿ ಅವಳ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ನಾನು ಕಾಣದ್ದನ್ನು ನಾದಿನಿಯ ಬಾಯಿಂದ ಕೇಳಿದ್ದೇನೆ. ಆ ಬಾಯಿಗೆ ಬೀಗವಿಲ್ಲ, ಸುಳ್ಳೂ ಇಲ್ಲ.

ತೋಟವೆಂದರೆ ದೊಡ್ಡ ಆಸ್ಪತ್ರೆಯ ಹಿಂಭಾಗದ ತರಕಾರಿ ತೋಟ. ಬಟ್ಟೆ ಒಗೆಯುವ ಕಟ್ಟಡ ದಾಟಿದರೆ ಮೂರು ಕಡೆ ಗೋಡೆ, ಒಂದು ಕಡೆ ತಂತಿಬೇಲಿ. ಆಸ್ಪತ್ರೆಯ ಅಡುಗೆಮನೆಗೆ ಬೇಕಾದ ಈರುಳ್ಳಿ, ಬೀಟ್‌ರೂಟ್, ಸೊಪ್ಪು ಎಲ್ಲವೂ ಅಲ್ಲಿನದೇ. ಮಣ್ಣನ್ನು ಎತ್ತರಿಸಿ ಉದ್ದುದ್ದ ಮಡಿ ಕಟ್ಟಿ, ಎರಡು ಮಡಿಗಳ ನಡುವೆ ಕಾಲುವೆ ತೋಡಿರುತ್ತಿದ್ದರು. ನಾನು ಬಿಟ್ಟ ನೀರು ಹರಿಯುವುದೂ ಆ ಕಾಲುವೆಯಲ್ಲೇ, ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದೂ ಅಲ್ಲೇ. ಕೈಯಲ್ಲಿ ಒಂದು ಗೇಣುದ್ದದ ಬಾಗಿದ ಕುಡುಗೋಲು. ಮಡಿ ಮಡಿಲಿನ ಎತ್ತರಕ್ಕೆ ಬರುತ್ತಿತ್ತು. ಕೂತಲ್ಲೇ ಕೆರೆದು, ಕೂತಲ್ಲೇ ಕಾಲು ಜರುಗಿಸಿ, ಬೆಳಗ್ಗೆಯಿಂದ ಸಂಜೆಯ ತನಕ ಕಪ್ಪೆಯ ಹಾಗೆ ಮುಂದುವರಿಯುವುದು. ಗುದ್ದಲಿಗೆ ಅಲ್ಲಿ ಅಗೆಯುವ ಕೆಲಸ ಮಾತ್ರ. ಅದನ್ನು ಎಳೆ ಪೈರಿನ ಹತ್ತಿರ ತಂದವರನ್ನು ಬೈದು ಅಟ್ಟುತ್ತಿದ್ದರು.

ಅಲ್ಲಿ ಇನ್ನೊಂದು ರೂಢಿ ಇತ್ತು. ಯಾವ ಮಡಿಯನ್ನು ಯಾರು ಹದ ಮಾಡಿದರೋ ಅದು ಅವರದು. ಕಾಗದದಲ್ಲಿ ಎಲ್ಲೂ ಬರೆದಿಲ್ಲ, ಆದರೆ ಬೇರೆಯವರು ಅದಕ್ಕೆ ಕೈ ಹಾಕುತ್ತಿರಲಿಲ್ಲ. ಚೊಕ್ಕಟಕ್ಕ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಂದಾಗ ಉಳಿದದ್ದು ಹಿಂದಿನ ಗೋಡೆಯ ಬುಡದ ಜಾಗ ಮಾತ್ರ. ಕಟ್ಟಡ ಕಟ್ಟಿದಾಗ ಸುರಿದ ಇಟ್ಟಿಗೆ ಚೂರು, ಗಾಜು, ಸುಣ್ಣದ ಗಂಟು. ಎಲ್ಲರೂ ಮೂಗು ಮುರಿದು ಬಿಟ್ಟದ್ದು. ಇವಳು ಎರಡು ವರ್ಷ ಊಟದ ಬಿಡುವಿನಲ್ಲಿ ಬುಟ್ಟಿ ಬುಟ್ಟಿ ಕಲ್ಲು ಹೊತ್ತು ಹನ್ನೆರಡು ಮಡಿ ಮಾಡಿದಳು. ಮೂರನೆಯ ವರ್ಷ ಅಲ್ಲಿ ಬಂದ ಈರುಳ್ಳಿಯನ್ನು ನೋಡಿ ಅಡುಗೆಮನೆಯವರೇ ಹುಡುಕಿಕೊಂಡು ಬಂದರು.

ಚೊಕ್ಕಟಕ್ಕ ಎಂಬ ಅಡ್ಡಹೆಸರು ಬಿದ್ದದ್ದು ಆಗಲೇ. ಅವಳ ಮಡಿಯಲ್ಲಿ ಕಳೆ ಹುಡುಕುವವನಿಗೆ ಕಣ್ಣು ನೋಯುತ್ತಿತ್ತೇ ಹೊರತು ಕಳೆ ಸಿಗುತ್ತಿರಲಿಲ್ಲ. ಅದು ಅವಳಿಗೆ ಒಂದು ಗೀಳೇ ಆಗಿತ್ತೆನ್ನಬಹುದು. ಬಸ್ಸಿಗೆ ಕಾಯುವಾಗ ಕಾಲ ಬುಡದ ಹುಲ್ಲು ಕೀಳುತ್ತಿದ್ದಳು. ಒಮ್ಮೆ ನೆಂಟರ ಮದುವೆಯಲ್ಲಿ ಇವಳು ಕಾಣೆಯಾಗಿ, ಎಲ್ಲರೂ ಹುಡುಕಿ, ಕೊನೆಗೆ ಒಳ್ಳೆಯ ಬಟ್ಟೆಯಲ್ಲೇ ಹಿತ್ತಲಲ್ಲಿ ಕೂತು ಬೀಗರ ಟೊಮೇಟೊ ಗಿಡದ ಬುಡ ಬಿಡಿಸುತ್ತಿದ್ದುದನ್ನು ಕಂಡರಂತೆ. ಗೋಡೆಗೆ ಬಣ್ಣ ಹೊಡೆಯುವ ಕೆಲಸದ ಅವಳ ಗಂಡ, "ಇವಳು ನನ್ನ ತಲೆಯಲ್ಲಿ ಒಂದು ಬಿಳಿಕೂದಲು ಉಳಿಸಲಿಲ್ಲ, ಕಿತ್ತೇ ಹಾಕಿದಳು" ಎಂದು ಬೋಳುತಲೆ ಸವರಿಕೊಳ್ಳುತ್ತಿದ್ದ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ತೋಟದ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲ ಮಂಡಿಚಿಪ್ಪು ಸೀಳಿತು. ಆಸ್ಪತ್ರೆ ನೂರು ಹೆಜ್ಜೆ ದೂರದಲ್ಲಿತ್ತು ಎನ್ನುವುದೊಂದೇ ಅದೃಷ್ಟ. ಮೂಳೆಗೆ ತಂತಿ ಬಿಗಿದರು, ಮೂರು ತಿಂಗಳು ಮಂಚದ ಮೇಲೆ ಮಲಗಿಸಿದರು. ವಾರ್ಡಿನ ಕಿಟಕಿಯಿಂದ ಅವಳಿಗೆ ತನ್ನ ಮಡಿಗಳು ಕಾಣುತ್ತಿದ್ದವಂತೆ. ಸಾಯಂಕಾಲ ನಾದಿನಿ ನೋಡಲು ಹೋದಾಗ ಕಾಲಿನ ಸುದ್ದಿಯೇ ಇಲ್ಲ, ಆರನೇ ಮಡಿಯ ತುದಿಯಲ್ಲಿ ಗರಿಕೆ ಎದ್ದಿದೆ, ಕುರುಡೀರಾ, ಯಾರೂ ನೋಡಲ್ವಾ ಎಂದು ಬೈಗುಳ. ಬಿಡುಗಡೆಯ ದಿನ ಡಾಕ್ಟರು ಹೇಳಿದ್ದು ಒಂದೇ ಮಾತು. ನಡೆಯಬಹುದು, ನಿಲ್ಲಬಹುದು, ಆದರೆ ಕುಕ್ಕರಗಾಲಲ್ಲಿ ಕೂರುವ ಕಾಲ ಮುಗಿಯಿತು. ಇನ್ನೊಮ್ಮೆ ಆ ಮಂಡಿ ಪೂರಾ ಮಡಚಿದರೆ ತಂತಿಯೂ ನಿಲ್ಲುವುದಿಲ್ಲ.

ತೋಟದ ಮೇಸ್ತ್ರಿ ಕೆಟ್ಟ ಮನುಷ್ಯನಲ್ಲ. ಅವಳು ಕೋಲೂರಿಕೊಂಡು ಬಂದ ದಿನವೇ ಅವಳಿಗೊಂದು ಜಾಗ ನೋಡಿಟ್ಟಿದ್ದ. ತರಕಾರಿ ತೊಳೆಯುವ ಮನೆ. ತಗಡಿನ ನೆರಳು, ಎತ್ತರದ ಸ್ಟೂಲು, ಮುಂದೆ ನೀರಿನ ತೊಟ್ಟಿ. ಬೇರಿನ ಮಣ್ಣು ತೊಳೆದು ಬುಟ್ಟಿಗೆ ಹಾಕಿದರಾಯಿತು. ಸಂಬಳ ಅಷ್ಟೇ, ಬಿಸಿಲಿಲ್ಲ. ಹನ್ನೆರಡು ಮಡಿಗಳನ್ನು ನಾದಿನಿ ತನ್ನ ಎಂಟರ ಜೊತೆಗೆ ನೋಡಿಕೊಳ್ಳಲಿ ಎಂದ.

"ಅತ್ತಿಗೆಯ ಕಲ್ಲುಮಡಿ ನನಗ್ಯಾಕೆ?" ಎಂದಳು ನಾದಿನಿ. "ನಾನು ಹೇಗೆ ಮಾಡಿದ್ರೂ ತಪ್ಪು ಅಂತಾಳೆ. ಸ್ಟೂಲ್ ಮೇಲೆ ಕೂತು ದಿನವಿಡೀ ನನ್ನ ಬೆನ್ನನ್ನೇ ನೋಡ್ತಾಳೆ."

ಚೊಕ್ಕಟಕ್ಕ ಜಗಳವಾಡಲಿಲ್ಲ, ಅಳಲಿಲ್ಲ. ನಿಂತುಕೊಂಡೇ ಕಳೆ ತೆಗೆದರೆ ಮಡಿ ನನಗೇ ಬಿಡುತ್ತೀರಾ ಎಂದು ಕೇಳಿದಳು. ನಿಂತು ಹೇಗೆ ಎಂದು ಮೇಸ್ತ್ರಿ ಕೇಳಿದ. ಗುದ್ದಲಿಯಲ್ಲಿ ಎಂದಳು. ಸುತ್ತ ನಿಂತಿದ್ದ ಹೆಂಗಸರು ನಕ್ಕರು. ಮೇಸ್ತ್ರಿಯೂ ನಕ್ಕು, ಎಳೆ ಈರುಳ್ಳಿಯ ನಡುವೆ ಗುದ್ದಲಿ ಆಡಿಸುವುದೆಂದರೆ ಕೊಡಲಿಯಲ್ಲಿ ಮೀಸೆ ಕತ್ತರಿಸಿದಂತಲ್ಲವಾ ಅಕ್ಕ ಎಂದ. ಅವಳು ನಗಲಿಲ್ಲ. ಅವನಿಗೂ ನಗು ನಿಂತಿತು.

ಕೊನೆಗೆ ಒಂದು ಒಪ್ಪಂದವಾಯಿತು. ಅವಳಿಲ್ಲದಾಗ ನಾದಿನಿ ನಾಟಿ ಮಾಡಿದ್ದ ಈರುಳ್ಳಿಗೆ ಇನ್ನು ಹತ್ತು ದಿನಕ್ಕೆ ಮೊದಲ ಸಲ ಕಳೆ ತೆಗೆಯಬೇಕಿತ್ತು. ಮೊದಲ ನಾಲ್ಕು ಮಡಿಗಳನ್ನು ಚೊಕ್ಕಟಕ್ಕ ನಿಂತು ಬಿಡಿಸಬೇಕು. ಕುಡುಗೋಲಿನವರ ಕೈಯಲ್ಲೂ ಮಡಿಗೆ ನಾಲ್ಕೈದು ಸಸಿ ಹೋಗುತ್ತವೆ, ಹಾಗಾಗಿ ಐದರ ತನಕ ಮಾಫಿ. ಯಾವ ಮಡಿಯಲ್ಲೇ ಆಗಲಿ ಆರನೆಯದು ಬಿದ್ದರೆ ತೊಳೆಯುವ ಮನೆ. ಕಳೆ ಉಳಿದರೂ ಅದೇ. ಇಷ್ಟಕ್ಕೆ ಅವಳು ಹೂಂ ಎಂದಳು.

ಅದಕ್ಕೇ ಈ ಅಂಗಡಿ, ಈ ಇಪ್ಪತ್ತಮೂರು ಗುದ್ದಲಿ.

ಅವಳು ಹೇಗೆ ನೋಡಿದಳು ಎನ್ನುವುದನ್ನು ಹೇಳದೆ ಮುಂದೆ ಹೋಗಲಾರೆ, ಗುದ್ದಲಿ ಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. ಮೊದಲು ಮನೆಯ ಬೀಗದ ಕೈಯಿಂದ ಗುದ್ದಲಿಯ ಕಬ್ಬಿಣದ ತಟ್ಟೆಗೆ ಬಡಿದಳು. ಠಣ್ ಎಂದು ಕೊನೆಯ ತನಕ ಕೂಗಿದ್ದನ್ನು ಎಡಕ್ಕಿಟ್ಟಳು, ಕೆಮ್ಮಿದ ಹಾಗೆ ಮೊಂಡಾಗಿ ನಿಂತದ್ದನ್ನು ಬಲಕ್ಕೆ. ಆಮೇಲೆ ಒಂದು ಕಣ್ಣು ಮುಚ್ಚಿ ಕಾವಿನ, ಅಂದರೆ ಮರದ ಹಿಡಿಕೆಯ, ಉದ್ದಕ್ಕೂ ನೋಡಿದಳು. ಮರದ ಗೆರೆ ಬುಡದಿಂದ ತುದಿಯ ತನಕ ಓಡಿರಬೇಕು. ನಡುವೆಯೇ ಗೆರೆ ಪಕ್ಕಕ್ಕೆ ಇಳಿದುಹೋದರೆ ಆ ಕಾವು ಅಲ್ಲೇ ಮುರಿಯುತ್ತದೆ. ಬಣ್ಣ ಬಳಿದ ಕಾವುಗಳನ್ನು ಅವಳು ಹಾಗೇ ಬದಿಗಿಟ್ಟಳು. ಬಣ್ಣದ ಕೆಳಗೆ ಏನೇನು ಮುಚ್ಚಿರುತ್ತದೆ ಎನ್ನುವುದು ಬಣ್ಣದವನ ಹೆಂಡತಿಗೆ ಗೊತ್ತಿರದೆ ಇರುತ್ತದೆಯೇ. ಆಮೇಲೆ ತಲೆ ಹಿಡಿದು ಅಲುಗಾಡಿಸಿದಳು. ಬೆಣೆ ಸಡಿಲವಿದ್ದ ಎರಡು ಅಲ್ಲೇ ಸೋತವು.

ಅಂಗಡಿಯವನು ಮತ್ತೆ ಎದ್ದು ಬಂದು ಒಂದು ದಪ್ಪ ತಟ್ಟೆಯದನ್ನು ಮುಂದೆ ಹಿಡಿದ. ಗಟ್ಟಿ ಮಾಲು, ಎತ್ತಿಬಿಟ್ಟರೆ ಸಾಕು, ತಾನೇ ಇಳಿಯುತ್ತದೆ ಎಂದು ಬೆಣ್ಣೆ ಹಚ್ಚಿದ.

"ಇಳಿಯೋದು ಬೇಡಪ್ಪಾ," ಎಂದಳು ಚೊಕ್ಕಟಕ್ಕ. "ನಾನು ಬಾವಿ ತೋಡೋಕೆ ಹೋಗ್ತಿಲ್ಲ. ಎಳೆ ಕಳೆ ಇರೋದು ಮಣ್ಣಿನ ಚರ್ಮದಲ್ಲಿ. ಚರ್ಮ ಸುಲಿದರೆ ಸಾಕು, ಮಾಂಸಕ್ಕೆ ಹೋಗಬಾರದು."

ಉಳಿದದ್ದು ಆರು. ಗಾಜು ಬಂದ ಪೆಟ್ಟಿಗೆಯಲ್ಲಿದ್ದ ಮರದ ಹೊಟ್ಟನ್ನು ಒಂದು ಬೊಗಸೆ ಕೇಳಿ ಪಡೆದು, ಅಂಗಡಿಯ ನೆಲದ ಮೇಲೆ ತೆಳ್ಳಗೆ ಹರಡಿದಳು. ನೆಟ್ಟಗೆ ನಿಂತು, ಬೆನ್ನು ಬಾಗಿಸದೆ, ಒಂದೊಂದನ್ನೂ ತನ್ನ ಕಡೆಗೆ ಎಳೆದು ನೋಡಿದಳು. ನಾಲ್ಕು ನೆಲಕ್ಕೆ ಗೀರು ಹಾಕಿದವು, ಒಂದು ಹೊಟ್ಟಿನ ಮೇಲೆ ಜಾರಿತು. ಹತ್ತೊಂಬತ್ತನೆಯದು ಮಾತ್ರ ಹೊಟ್ಟನ್ನು ಹಾಸಿಗೆ ಬಟ್ಟೆ ಮಡಚಿದಂತೆ ಮಡಚಿಕೊಂಡು ಬಂತು. ನೆಲದ ಮೇಲೆ ಗೀರಿಲ್ಲ. ತೆಳು ತಟ್ಟೆ, ಅಂಗೈಗಿಂತ ಎರಡು ಬೆರಳು ಅಗಲ, ಕಾವು ಅವಳ ಗದ್ದಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಅದನ್ನು ತಂದಳು.

ಹತ್ತು ದಿನ ಅವಳು ಮನೆಯ ಹಿತ್ತಲಲ್ಲಿ ಕೈ ಪಳಗಿಸಿದಳು. ಬಟ್ಟೆ ಒಣಗಿಸುವ ಹಗ್ಗದ ಕೆಳಗಿನ ಹುಲ್ಲು ಹೋಯಿತು, ಪಕ್ಕದ ಮನೆಯ ಹಿತ್ತಲು ಚೊಕ್ಕಟವಾಯಿತು, ಬೀದಿಯಂಚು ಬೋಳಾಯಿತು. ಮಣ್ಣಿನಲ್ಲಿ ಕಡ್ಡಿ ನೆಟ್ಟು, ಅದು ಈರುಳ್ಳಿ ಸಸಿ ಎಂದುಕೊಂಡು, ಅದರ ಸುತ್ತ ಕೆರೆದಳು. ಒಂದು ಕಡ್ಡಿಯೂ ಬೀಳದಂತಾಯಿತು. ಗಂಡ, ಇನ್ನು ಟಾರು ರಸ್ತೆಯೊಂದು ಉಳಿದಿದೆ ಎಂದ. ತೋಟದ ಮಡಿಗಳಲ್ಲಿ ಮೊದಲೇ ಒಮ್ಮೆ ನೋಡು ಎಂದು ನಾನು ಹೇಳಿದ್ದೆ. ಕೇಳಲಿಲ್ಲ. ಎಲ್ಲರ ಮುಂದೆ ಹೇಳಿದ ದಿನಕ್ಕೇ ಹೋಗಿ ಇಳಿಯಬೇಕು ಎನ್ನುವ ಬಿಂಕ. ಅವಳಲ್ಲಿ ನನಗೆ ಕಂಡ ದೋಷ ಅದೊಂದೇ.

ಆ ದಿನ ಹದಿನಾಲ್ಕು ಹೆಂಗಸರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಚೊಕ್ಕಟಕ್ಕ ಕಾಲುವೆಗೆ ಇಳಿದು, ನೆಟ್ಟಗೆ ನಿಂತು, ಮೊದಲ ಮಡಿಯ ಮೇಲೆ ಗುದ್ದಲಿ ಇಟ್ಟು, ಹಿತ್ತಲಲ್ಲಿ ಸಾವಿರ ಸಲ ಎಳೆದ ಹಾಗೆಯೇ ಎಳೆದಳು. ತಟ್ಟೆ ಗಬಕ್ಕನೆ ಮಣ್ಣಿನೊಳಗೆ ಹೋಯಿತು. ಒಂದು ಹಿಡಿ ಮಣ್ಣು ಮಗುಚಿ, ಅದರ ಜೊತೆ ನಾಲ್ಕು ಸಸಿ ಬೇರು ತೋರಿಸಿಕೊಂಡು ಬಂದವು. ಅವಳು ಕೈ ಹಗುರ ಮಾಡಿ ಎರಡನೆಯ ಸಲ ಎಳೆದಳು. ತಟ್ಟೆ ಪುಟಿದು ಪಕ್ಕದ ಸಾಲಿಗೆ ಬಿತ್ತು. ಇನ್ನು ಮೂರು. ಎರಡು ಎಳೆತಕ್ಕೆ ಏಳು ಸಸಿ.

ಮೇಸ್ತ್ರಿ ಮೆಲ್ಲಗೆ ಹತ್ತಿರ ಬಂದು, "ತೊಳೆಯೋ ಮನೆ ನೆರಳಲ್ಲಿದೆ ಅಕ್ಕ, ಸೋತೆ ಅಂತ ಯಾರೂ ಅನ್ನಲ್ಲ" ಎಂದ.

ಅವಳು ಬಿದ್ದ ಸಸಿಗಳನ್ನು ಎತ್ತಿಕೊಂಡು ಮಡಿಯಂಚಿನಲ್ಲಿ ಸಾಲಾಗಿ ಇಟ್ಟಳು. ಈ ಮಡಿಗಳಿಗೆ ನೀರು ಯಾವಾಗ ಎಂದು ನನ್ನ ಕಡೆ ತಿರುಗಿ ಕೇಳಿದಳು. ನಾಲ್ಕನೆಯ ದಿನ ಎಂದೆ. ನೀರು ಬಿಟ್ಟ ಮೇಲೆ ಕಳೆ ಬೇರು ಕಚ್ಚಿಬಿಡುತ್ತದೆ, ಹಾಗಾಗಿ ಅಷ್ಟರೊಳಗೆ ಆಗಲೇಬೇಕು. ನೀರಿನ ದಿನದ ಬೆಳಗ್ಗೆಯ ತನಕ ಸಮಯ ಕೊಡಿ ಎಂದು ಮೇಸ್ತ್ರಿಯನ್ನು ಕೇಳಿದಳು. ಅವನು ಸಾಲಾಗಿ ಇಟ್ಟ ಸಸಿಗಳನ್ನು ಎಣಿಸಿದ. ಹೋದ ಏಳು ಹೋದವು, ಐದರ ಮಾತು ಅವತ್ತಿಗೂ ಅದೇ, ಆದರೆ ಮೂರನೆಯ ಸಲ ಇಲ್ಲ ಎಂದ.

ಅವಳು ಹೊರಟಾಗ ನಾನು ಗೇಟಿನ ಹತ್ತಿರ ನಿಲ್ಲಿಸಿ, ಪಂಪು ಕೆಟ್ಟಿದೆ ಅಂತ ಹೇಳಿದರೆ ಇನ್ನೂ ಎರಡು ದಿನ ಸಿಗುತ್ತದೆ ಎಂದು ಕಿವಿಯಲ್ಲಿ ಹೇಳಿದೆ. ನನ್ನ ಜನ್ಮದಲ್ಲಿ ನಾನು ಆ ಮೋಟಾರಿನ ಮೇಲೆ ಸುಳ್ಳು ಹೊರಿಸಿದವನಲ್ಲ, ಅವಳಿಗಾಗಿ ಹೊರಿಸುತ್ತಿದ್ದೆ.

"ಪಂಪ್ ಕೆಟ್ಟಿಲ್ಲ," ಎಂದಳು. "ನನ್ನ ಗುದ್ದಲಿ ಕೆಟ್ಟಿದೆ. ರಿಪೇರಿ ಆಗಬೇಕಾದ್ದು ಅದು."

ಆದರೆ ಏನು ಕೆಟ್ಟಿದೆ ಎನ್ನುವುದು ಅವಳಿಗೆ ತಿಳಿಯಲಿಲ್ಲ. ಮನೆಗೆ ಹೋಗಿ ಹಿತ್ತಲಲ್ಲಿ ಎಳೆದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬರುತ್ತಿತ್ತು. ಮಂಡಿ ನಡುಗಿತೇ, ಮಣ್ಣು ಹಸಿಯಿತ್ತೇ, ಜನ ನೋಡಿದ್ದಕ್ಕೆ ಕೈ ಗಾಬರಿಯಾಯಿತೇ ಎಂದು ಆ ದಿನವಿಡೀ ತಲೆ ಕೆಡಿಸಿಕೊಂಡಳು. ಹಿತ್ತಲಿಗೆ ಒಂದು ಕೊಡ ನೀರು ಹಾಕಿ ತೋಟದ ಹದಕ್ಕೆ ತಂದು ಎಳೆದಳು. ಚೆನ್ನಾಗಿಯೇ ಬಂತು. ನಾದಿನಿಯನ್ನೂ ಗಂಡನನ್ನೂ ಎದುರು ಕೂರಿಸಿ, ನನ್ನನ್ನೇ ದುರುಗುಟ್ಟಿಕೊಂಡು ನೋಡಿ ಎಂದು ಎಳೆದಳು. ಆಗಲೂ ಚೆನ್ನಾಗಿಯೇ ಬಂತು.

ಮರುದಿನ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಅಂಗಡಿಗೇ ಹೋದಳು. ಹಿಂದೆಯೇ ನಾದಿನಿ. ನೀನು ಕೊಟ್ಟದ್ದು ಎರಡು ಮುಖದ ಗುದ್ದಲಿ ಎಂದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡಳು. ಅವನು ಒಂದು ಬೊಗಸೆ ಹೊಟ್ಟು ತಂದು ನೆಲಕ್ಕೆ ಸುರಿದು, ಎಳೆಯಿರಿ ಎಂದ. ಎಳೆದಳು. ಹೊಟ್ಟು ಮಡಚಿಕೊಂಡು ಬಂತು. ಬೇರೆ ಗಿರಾಕಿಗಳ ಮುಂದೆ ಅವಳ ಮುಖ ಸಪ್ಪಗಾಯಿತು. ತಿರುಗಿ ಮೆಟ್ಟಿಲಿಳಿದು ಬೀದಿಗೆ ಬಂದಳು. ಅಂಗಡಿಯವನಿಗೆ ಗೆದ್ದ ಹುಮ್ಮಸ್ಸು. "ಅಕ್ಕಾ, ಬಾಗಿಲಲ್ಲಿ ಹೊಟ್ಟು ಚೆಲ್ಲಿದೆ, ಹಾಗೇ ಕೆಳಕ್ಕೆ ಎಳೆದುಬಿಡಿ, ಪುಣ್ಯ ಬರುತ್ತೆ" ಎಂದು ಕುಟುಕಿದ.

ಚೊಕ್ಕಟಕ್ಕ ಬೀದಿಯಲ್ಲಿ ನಿಂತೇ ಕೈ ಚಾಚಿ ಎಳೆದಳು. ತಟ್ಟೆ ಬಾಗಿಲ ಕಲ್ಲಿನ ಮೇಲೆ ಕಿರ್ರೆಂದು ಹಲ್ಲು ಜುಮ್ಮೆನ್ನುವಂತೆ ಗೀರಿತು.

ಅವಳು ಅಲ್ಲಿಯೇ ನಿಂತುಬಿಟ್ಟಳು. ಮತ್ತೊಮ್ಮೆ ಎಳೆದಳು. ಮತ್ತೆ ಕಿರ್ರ್. ಮೆಟ್ಟಿಲು ಹತ್ತಿ ಅಂಗಡಿಯೊಳಗೆ ನಿಂತು ಎಳೆದಳು. ಸದ್ದಿಲ್ಲ. ಕೆಳಗಿಳಿದಳು, ಎಳೆದಳು, ಗೀರಿತು. ಮತ್ತೆ ಹತ್ತಿದಳು. ಅಂಗಡಿಯವನು ನಾದಿನಿಯ ಮುಖ ನೋಡಿದ. ಬಿದ್ದಾಗ ಪೆಟ್ಟಾದದ್ದು ಮಂಡಿಗೇ ಹೌದಾ ಎಂದು ಮೆಲ್ಲಗೆ ಕೇಳಿದನಂತೆ.

ಅಂಗಡಿಯ ನೆಲ ಬೀದಿಗಿಂತ ಒಂದು ಗೇಣಿಗೂ ಹೆಚ್ಚು ಮೇಲಿತ್ತು. ಮಡಿಯೂ ಕಾಲುವೆಗಿಂತ ಅಷ್ಟೇ ಮೇಲಿರುತ್ತದೆ. ಕೈ ಎಷ್ಟು ಎತ್ತರದಲ್ಲಿದೆಯೋ ಅಲ್ಲಿಯೇ ಇರುತ್ತದೆ, ಗುದ್ದಲಿಯ ತಲೆ ಮಾತ್ರ ಮೇಲಕ್ಕೆ ಬಂದು ಕೂರುತ್ತದೆ. ಆಗ ಕಾವು ಮಲಗುತ್ತದೆ, ಕಾವು ಮಲಗಿದಷ್ಟೂ ತಟ್ಟೆಯ ಮೂತಿ ಕೆಳಕ್ಕೆ ತಿರುಗಿ ನೆಲಕ್ಕೆ ಕುಟುಕುತ್ತದೆ. ಇಷ್ಟೇ ವಿಷಯ. ಮೂವತ್ತು ವರ್ಷ ಅದೇ ಕಾಲುವೆಯಲ್ಲಿ ಕೂತು ಕೆಲಸ ಮಾಡಿದವಳಿಗೆ ತಾನು ಮಡಿಗಿಂತ ತಗ್ಗಿನಲ್ಲಿದ್ದೇನೆ ಎನ್ನುವುದು ಹೊಳೆದಿರಲಿಲ್ಲ. ಕೂತವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ, ಮೊಣಕೈ ತಾನೇ ಸರಿಮಾಡಿಕೊಳ್ಳುತ್ತದೆ. ನನಗೂ ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ, ಆ ಕಾಲುವೆಗಳ ಆಳವನ್ನು ದಿನಾ ಅಳೆಯುತ್ತಿದ್ದವನು ನಾನು.

ಅವಳು ನೇರ ತೋಟಕ್ಕೆ ಬಂದು ಒಂದು ಕಡ್ಡಿಯನ್ನು ಕಾಲುವೆಯಲ್ಲಿ ನಿಲ್ಲಿಸಿ ಮಡಿಯ ಮಟ್ಟಕ್ಕೆ ಕತ್ತರಿಸಿದಳು. ಒಂದು ಗೇಣು, ನಾಲ್ಕು ಬೆರಳು. ಕಾವನ್ನು ಮೋಟು ಮಾಡಿದರೆ ಆಗದೇ ಎಂದು ನಾನು ಕೇಳಿದೆ. ಮೋಟು ಮಾಡಿದರೆ ಮಡಿಯ ನಡುವಿಗೆ ಎಟುಕಲು ನಾನು ಬಗ್ಗಬೇಕು, ಬಗ್ಗಿದರೆ ಈ ಮಂಡಿಯೂ ಬಗ್ಗುತ್ತದೆ, ಬಗ್ಗಬೇಕಾದ್ದು ಗುದ್ದಲಿಯ ಕುತ್ತಿಗೆ ಎಂದಳು. ಕಾವು ತೂರಿಸುವ ತಲೆಗೂ ತಟ್ಟೆಗೂ ನಡುವಿನ ಕಬ್ಬಿಣದ ಕುತ್ತಿಗೆಯನ್ನು ಒಳಕ್ಕೆ ಮಡಚಬೇಕು ಎನ್ನುವುದು ಅವಳ ತೀರ್ಮಾನ.

ಮೂರನೆಯ ದಿನ ಅತ್ತಿಗೆ ನಾದಿನಿ ಇಬ್ಬರೂ ಕಮ್ಮಾರನ ಹತ್ತಿರ ಹೋದರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಕೊಟ್ಟಿಗೆ, ಬಾಗಿಲ ತುಂಬ ಕಿಟಕಿ ಸರಳು. ಕಮ್ಮಾರ ಗುದ್ದಲಿಯನ್ನು ನೆಲಕ್ಕಿಟ್ಟು ಎಳೆದು ನೋಡಿ, ಇಷ್ಟು ಹದವಾದದ್ದನ್ನು ಕೆಡಿಸುವ ಪಾಪ ನನಗೆ ಬೇಡ ಎಂದು ವಾಪಸ್ಸು ಕೊಟ್ಟ. ಚೊಕ್ಕಟಕ್ಕ ಕೊಟ್ಟಿಗೆಯ ಒಳಗೆಲ್ಲ ಕಣ್ಣಾಡಿಸಿದಳು. ಕುಲುಮೆಯ ಮುಂದೆ ಅವನು ಕಾಲಿಳಿಸಿ ಕೂರುವ ಹಳ್ಳವಿತ್ತು. ಅಲ್ಲೇ ಬಿದ್ದಿದ್ದ ಇಟ್ಟಿಗೆಗಳನ್ನು ನಾದಿನಿಯ ಕೈಯಿಂದ ಆ ಹಳ್ಳದಲ್ಲಿ ಇಡಿಸಿ, ತನ್ನ ಕಡ್ಡಿ ಇಟ್ಟು ಆಳ ಸರಿಮಾಡಿದಳು.

"ಇದರಲ್ಲಿ ನಿಂತು ಎಳೆಯಿರಿ," ಎಂದಳು.

ಕಮ್ಮಾರ ಗೊಣಗುತ್ತ ಇಳಿದು ಎಳೆದ. ತಟ್ಟೆ ಅವನ ನೆಲವನ್ನೇ ಕೊರೆಯಿತು. ಅವನು ಗುದ್ದಲಿಯನ್ನು ನೋಡಿದ, ತನ್ನ ಪಾದ ನೋಡಿಕೊಂಡ, ಅವಳನ್ನು ನೋಡಿದ. ಗೊಣಗಾಟ ನಿಂತಿತು. ಕುಲುಮೆಗೆ ಗಾಳಿ ಹಾಕಿದ.

ಎಷ್ಟು ಮಡಚುವುದು ಎನ್ನುವುದೇ ಕಷ್ಟದ ಪ್ರಶ್ನೆ. ಕಮ್ಮಾರ ಅವಳಿಗಿಂತ ಅರ್ಧ ತಲೆ ಎತ್ತರ, ಅವನ ಅಳತೆ ನಡೆಯುವುದಿಲ್ಲ. ಚೊಕ್ಕಟಕ್ಕ ನಾದಿನಿಯ ಹೆಗಲು ಹಿಡಿದು, ಬಲಗಾಲನ್ನು ನೆಟ್ಟಗೆ ಚಾಚಿಕೊಂಡೇ ಹಳ್ಳಕ್ಕಿಳಿದಳು. ಕಮ್ಮಾರ ಬೋರಲಾಗಿ ಮಲಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ತಟ್ಟೆಗೂ ನೆಲಕ್ಕೂ ನಡುವಿನ ಸಂದು ನೋಡಿದ. ಕೆಂಪಗೆ ಕಾಯಿಸಿ ಮೊದಲ ಸಲ ಬಗ್ಗಿಸಿದ್ದು ಹೆಚ್ಚಾಯಿತು. ತಟ್ಟೆ ಪಾತ್ರೆಯ ಮುಚ್ಚಳದ ಹಾಗೆ ಚಪ್ಪಟೆ ಮಲಗಿ ಎಲ್ಲದರ ಮೇಲೂ ಜಾರಿತು. ಎರಡನೆಯ ಸಲ ಒಂದು ಕೂದಲಿನಷ್ಟು ಬಿಚ್ಚಿದ. ಅವಳು ಇನ್ನರ್ಧ ಕೂದಲು ಎಂದಳು. ಮೂರನೆಯ ಸಲ ನೆಲದ ಮೇಲಿನ ಬೂದಿ ಹೊಟ್ಟಿನ ಹಾಗೆಯೇ ಮಡಚಿಕೊಂಡು ಬಂತು. ಹೊಗೆಯಲ್ಲಿ ಕೆಮ್ಮುತ್ತ ನಿಂತಿದ್ದ ನಾದಿನಿ, "ನನ್ನ ಕುತ್ತಿಗೆಯೂ ಬಗ್ಗಿಹೋಯ್ತು, ಅದನ್ನೂ ಸ್ವಲ್ಪ ಬಿಚ್ಚಿಕೊಡಿ" ಎಂದು ಕಮ್ಮಾರನಿಗೆ ಹೇಳಿದಳು.

ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿಸಿದಳು. ತಟ್ಟೆಯ ಒಂದು ಮೂಲೆಯನ್ನು ಉಗುರಿನಂತೆ ಚೂಪಾಗಿ ಅರೆಸಿದಳು. ಸಾಲುಗಳ ನಡುವಿನ ಕಳೆಯನ್ನು ತಟ್ಟೆ ತೆಗೆಯುತ್ತದೆ, ಸಸಿಗೂ ಸಸಿಗೂ ನಡುವೆ ಕೂತ ಕಳೆಯನ್ನು ಬೆರಳಿನಲ್ಲಿ ಬಿಡಿಸುತ್ತಿದ್ದರು, ಇನ್ನು ಆ ಬೆರಳು ಗುದ್ದಲಿಗೇ ಇರಬೇಕು.

ನೀರಿನ ದಿನ ಸೂರ್ಯ ಗೋಡೆ ಹತ್ತುವ ಮುಂಚೆ ಅವಳು ಕಾಲುವೆಯಲ್ಲಿದ್ದಳು. ನಾನು ಪಂಪು ಹಚ್ಚದೆ ಬಾಗಿಲಲ್ಲಿ ನಿಂತಿದ್ದೆ. ಮೇಸ್ತ್ರಿ ಅವಳಿಂದ ಹತ್ತು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು. ಅವಳು ಗುದ್ದಲಿ ಇಟ್ಟು ಮೊದಲ ಸಲ ಎಳೆದಳು. ತಟ್ಟೆ ಮಣ್ಣಿನ ತೆಳು ಪದರದ ಕೆಳಗೆ ನುಸುಳಿ, ಕಳೆಯನ್ನು ಬೇರುಸಹಿತ ಮಗುಚಿ, ಅವಳ ಕಾಲ ಹತ್ತಿರ ತಂದು ಹಾಕಿತು. ಸಸಿ ಅಲುಗಲಿಲ್ಲ. ಅವಳು ಹೆಜ್ಜೆ ಪಕ್ಕಕ್ಕಿಟ್ಟು ಇನ್ನೊಮ್ಮೆ ಎಳೆದಳು.

ವೇಗದ ಮಾತು ಆಡುವ ಹಾಗಿಲ್ಲ. ಅವಳು ಒಂದು ಮಡಿ ಮುಗಿಸುವಷ್ಟರಲ್ಲಿ ಕುಡುಗೋಲಿನವರು ಒಂದೂವರೆ ಮುಗಿಸುತ್ತಿದ್ದರು. ಮೊದಲ ಮಡಿಯಲ್ಲಿ ಒಂದು ಸಸಿ ಹೋಯಿತು. ಎರಡನೆಯದರಲ್ಲಿ ಒಂದೂ ಇಲ್ಲ. ಮೂರನೆಯದರಲ್ಲಿ ಬಿಸಿಲೇರಿ ಅಂಗೈ ಬೆವರಿ, ಚೂಪು ಮೂಲೆ ಎರಡು ಸಲ ತಪ್ಪಿ, ನಾಲ್ಕು ಹೋದವು. ಮೇಸ್ತ್ರಿ ಅವನ್ನು ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡ. ಅವಳು ಸೆರಗಿನಲ್ಲಿ ಕಾವನ್ನು ಒರೆಸಿ, ಮಂಡಿಯನ್ನು ಒಮ್ಮೆ ಒತ್ತಿಕೊಂಡು, ನಾಲ್ಕನೆಯ ಮಡಿಗೆ ಹೋದಳು. ಬಾ ನೀರು ಕುಡಿ ಎಂದು ನಾದಿನಿ ಕರೆದದ್ದು ಅವಳಿಗೆ ಕೇಳಿಸಲೇ ಇಲ್ಲ.

ನಾಲ್ಕನೆಯ ಮಡಿಯ ನಡುವೆ ಒಂದು ಜೇಕು ಹುಲ್ಲು ಎರಡು ಸಸಿಗಳನ್ನು ತಬ್ಬಿಕೊಂಡು ಎದ್ದಿತ್ತು. ಮೇಲೆ ಕತ್ತರಿಸಿದರೆ ಮೂರು ದಿನಕ್ಕೆ ಮತ್ತೆ ಬರುವ ಜಾತಿ, ಗೆಡ್ಡೆ ಬರಬೇಕು. ಕುಕ್ಕರಗಾಲಲ್ಲಿ ಕೂತಿದ್ದರೆ ಅರ್ಧ ನಿಮಿಷದ ಕೆಲಸ. ಅವಳು ಎಡದಿಂದ ನೋಡಿದಳು, ಬಲದಿಂದ ನೋಡಿದಳು. ಆ ಹೊತ್ತಿಗೆ ಆ ಮಡಿಯಲ್ಲಿ ಎರಡು ಸಸಿ ಹೋಗಿದ್ದವು, ಇವೆರಡೂ ಹೋದರೂ ನಾಲ್ಕೇ ಆಗುತ್ತಿತ್ತು. ಕಿತ್ತುಬಿಡು ಎಂದು ನಾನು ಮನಸ್ಸಿನಲ್ಲೇ ಹೇಳಿದೆ. ಅವಳು ಹಾಗೆ ಮಾಡಲಿಲ್ಲ. ಕಾವನ್ನು ಸ್ವಲ್ಪ ಮೇಲಕ್ಕೆ ಹಿಡಿದು, ಚೂಪು ಮೂಲೆಯನ್ನು ಜೇಕಿನ ಬುಡಕ್ಕೆ ಇಳಿಸಿ, ತಿರುಗಿಸಿ ತಿರುಗಿಸಿ, ಹಲ್ಲಿನ ಸಂದಿಯಿಂದ ನಾರು ತೆಗೆದ ಹಾಗೆ ಗೆಡ್ಡೆಯನ್ನು ಮೇಲೆತ್ತಿದಳು. ಸಸಿಗಳೆರಡೂ ಸ್ವಲ್ಪ ಬಾಗಿದವು, ಆಮೇಲೆ ನಿಂತವು.

ಮೇಸ್ತ್ರಿ ನಾಲ್ಕೂ ಮಡಿಗಳ ಸುತ್ತ ಎರಡು ಸಲ ನಡೆದ. ಅಲ್ಲಲ್ಲಿ ಕೂತು ಸಾಲಿನೊಳಗೆ ಬೆರಳಾಡಿಸಿದ. ಎಲ್ಲೂ ಏನೂ ಸಿಗಲಿಲ್ಲ. ಆಮೇಲೆ ಗುದ್ದಲಿ ಕೊಡಿ ನೋಡೋಣ ಎಂದು ಕೈ ಚಾಚಿ, ಐದನೆಯ ಮಡಿಯ ಅಂಚು ತುಳಿದು ಕಾಲುವೆಗಿಳಿದು, ಅದರ ಮೇಲೆ ತಾನೇ ಎಳೆದ. ಗುದ್ದಲಿ ಹುಲ್ಲಿನ ಮೇಲೆ ಜಾರಿಕೊಂಡು ಬಂತು, ಒಂದು ಎಳೆಯೂ ಕೀಳಲಿಲ್ಲ. ಮತ್ತೆ ಎಳೆದ, ಮತ್ತೆ ಜಾರಿತು. ಹೆಂಗಸರ ಕಡೆಯಿಂದ ನಗೆ ಎದ್ದಿತು.

"ಅದು ನನ್ನ ಎತ್ತರಕ್ಕೆ ಮಾಡಿಸಿದ್ದು," ಎಂದಳು ಚೊಕ್ಕಟಕ್ಕ. "ನೀವು ಉದ್ದ ಜಾಸ್ತಿ. ನಿಮಗೆ ಬೇಕಿದ್ರೆ ನೀವೇ ಹೋಗಿ ಕಮ್ಮಾರನ ಹಳ್ಳದಲ್ಲಿ ನಿಲ್ಲಬೇಕು."

ಅವನು ಗುದ್ದಲಿ ವಾಪಸ್ಸು ಕೊಟ್ಟ. ನಾಳೆಯಿಂದ ಹನ್ನೆರಡೂ ನಿಮ್ಮವೇ, ಇವತ್ತು ಹೋಗಿ ಕಾಲು ಚಾಚಿ ಮಲಗಿ ಎಂದ. ಉಳಿದ ಎಂಟಕ್ಕೆ ನೀರು ನಾಳೆಗೆ ಮುಂದೂಡಲು ನನಗೆ ಕೈ ಮಾಡಿದ.

"ನಾಳೆ ಯಾಕೆ?" ಎಂದಳು ಅವಳು. "ಇನ್ನೂ ಬೇಕಾದಷ್ಟು ಬೆಳಕಿದೆ." ನಾದಿನಿ ಚಾಚಿದ ಚೊಂಬಿನಿಂದ ನಿಂತುಕೊಂಡೇ ನೀರು ಕುಡಿದು, ಚೊಂಬನ್ನು ಅವಳ ಕೈಗೇ ಕೊಟ್ಟು, ಐದನೆಯ ಮಡಿಯಲ್ಲಿ ಮೇಸ್ತ್ರಿ ಕಾಲಿಟ್ಟು ಕೆಡಿಸಿದ್ದ ಅಂಚನ್ನು ಮೊದಲು ತಟ್ಟೆಯ ಬೆನ್ನಿನಿಂದ ಸರಿಮಾಡತೊಡಗಿದಳು.